ಎರಡು ನೆಕ್‌ಗಳ ಹಳೆಯ ಹೆಡ್‌ಲೆಸ್ ಬೇಸ್ ಗಿಟಾರ್: ಬೆಲೆ ಕಟ್ಟುವುದು ಹೇಗೆ, ಮಾರುವುದು ಹೇಗೆ?

ಪ್ರಶ್ನೆ: ಮಂದ್ರತಂತಿ

ನಮಸ್ಕಾರ. ಇಪ್ಪತ್ತೆರಡು ವರ್ಷಗಳಿಂದ ನನ್ನ ಬಳಿ ಇರುವ ಒಂದು ಬೇಸ್ ಗಿಟಾರನ್ನು ಮಾರಬೇಕಾಗಿ ಬಂದಿದೆ. ಭುಜದ ನೋವಿನಿಂದಾಗಿ ಆರು ಕಿಲೋ ತೂಕದ ವಾದ್ಯವನ್ನು ಹೆಗಲಿಗೆ ಹಾಕಿಕೊಂಡು ನಿಲ್ಲಲು ನನ್ನಿಂದ ಇನ್ನು ಆಗುವುದಿಲ್ಲ. ಇಲ್ಲದಿದ್ದರೆ ಮಾರುವ ಯೋಚನೆಯೇ ಬರುತ್ತಿರಲಿಲ್ಲ.

ವಾದ್ಯದ ವಿವರ ಹೀಗಿದೆ. ಕಪ್ಪು ಬಣ್ಣ ಬಳಿದ ಒಂದೇ ಮರದ ಒಡಲಿಗೆ ಎರಡು ನೆಕ್‌ಗಳನ್ನು (ತಂತಿ ಹಾಯುವ ಉದ್ದನೆಯ ಕತ್ತುಗಳನ್ನು) ಬೋಲ್ಟ್ ಹಾಕಿ ಕೂರಿಸಲಾಗಿದೆ. ಎರಡಕ್ಕೂ ತಲೆಯಿಲ್ಲ, ಶ್ರುತಿ ಮಾಡುವ ಬಿರಡೆಗಳೆಲ್ಲ, ತಂತಿಗಳು ಒಡಲಿನ ಮೇಲೆ ಕೂರುವ ಬ್ರಿಡ್ಜ್‌ನ ಹಿಂಬದಿಯಲ್ಲಿವೆ. ಮೇಲಿನ ನೆಕ್ ಫ್ರೆಟ್‌ಲೆಸ್, ಅಂದರೆ ಸ್ವರಸ್ಥಾನದ ಲೋಹದ ಪಟ್ಟಿಗಳಿಲ್ಲದ್ದು, ಕೆಳಗಿನದಕ್ಕೆ 24 ಫ್ರೆಟ್‌ಗಳು. ಎರಡೂ ನಾಲ್ಕು ತಂತಿಯವು, ಎರಡರಲ್ಲೂ ತಂತಿಯ ನುಡಿಯುವ ಭಾಗದ ಉದ್ದ 34 ಇಂಚು. ನನಗೆ ಇದನ್ನು ಮಾರಿದ ವಾದಕರು ಇದು 1980ರ ದಶಕದ ಸ್ಟೈನ್‌ಬರ್ಗರ್ ಕಂಪನಿಯದ್ದು ಎಂದು ಹೇಳಿದ್ದರು. ನಾನು ಅದನ್ನು ನಂಬಿದೆ, ನುಡಿಸಿದೆ, ಎಂದೂ ಬಿಚ್ಚಿ ನೋಡಲಿಲ್ಲ. ರಸೀದಿ ಇಲ್ಲ, ಮೂಲ ಪೆಟ್ಟಿಗೆ ಇದೆ.

ಒಬ್ಬ ವ್ಯಾಪಾರಿ ಹತ್ತು ನಿಮಿಷ ನೋಡಿ ಒಂದು ಮೊತ್ತ ಹೇಳಿದರು. ಇಂಥದ್ದೇ ವಾದ್ಯವೊಂದಕ್ಕೆ ಅಂತರ್ಜಾಲದಲ್ಲಿ ಅದರ ಐದು ಪಟ್ಟು ಬೆಲೆ ಹಾಕಿರುವುದನ್ನು ಕಂಡೆ. ಮತ್ತೊಬ್ಬರು, ಮೊದಲು ಹಳೆಯ ಪಿಕಪ್‌ಗಳನ್ನು (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗಗಳನ್ನು) ತೆಗೆಸಿ ಹೊಸದು ಹಾಕಿಸಿ, ಬಣ್ಣವನ್ನೂ ಹೊಸದಾಗಿ ಮಾಡಿಸಿ, ಆಗ ಒಳ್ಳೆಯ ಬೆಲೆ ಬರುತ್ತದೆ ಎಂದರು. ಇವುಗಳಲ್ಲಿ ಯಾವುದನ್ನು ನಂಬಬೇಕು? ಮಾರುವ ಮೊದಲು ಏನು ಮಾಡಬೇಕು, ಏನು ಮಾಡಬಾರದು?

ಉತ್ತರ 1: ಬಿರಡೆ_ಬೆಸುಗೆ

ನಾನು ತಂತಿವಾದ್ಯಗಳ ದುರಸ್ತಿ ಮಾಡುವವನು. ಮೊದಲಿಗೆ ಒಂದು ವಿನಂತಿ: ಬಣ್ಣಕ್ಕೂ ಪಿಕಪ್‌ಗೂ ಕೈ ಹಚ್ಚಬೇಡಿ. ಹಳೆಯ ಬೆಸುಗೆಯನ್ನು ಒಮ್ಮೆ ಬಿಚ್ಚಿದರೆ ಅದು ಮೊದಲಿನಂತೆ ಇತ್ತು ಎಂಬುದಕ್ಕೆ ಇದ್ದ ಸಾಕ್ಷಿ ಶಾಶ್ವತವಾಗಿ ಹೋಗುತ್ತದೆ, ಮತ್ತು ನಿಮ್ಮ ವಾದ್ಯದ ಬೆಲೆಯ ಬಹುಭಾಗ ಆ ಸಾಕ್ಷಿಯಲ್ಲೇ ಇರಬಹುದು.

ಬೆಲೆಯ ಮಾತಿಗಿಂತ ಮೊದಲು ಈ ವಾದ್ಯ ಏನೆಂಬುದು ಗೊತ್ತಾಗಬೇಕು. ನೆಡ್ ಸ್ಟೈನ್‌ಬರ್ಗರ್ ಅವರು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಆರಂಭಿಸಿ, ನಂತರ ಅದೇ ರಾಜ್ಯದ ನ್ಯೂಬರ್ಗ್‌ಗೆ ಸ್ಥಳಾಂತರಿಸಿದ ಕಂಪನಿಯ ಮೊದಲ ಪ್ರಸಿದ್ಧ ವಾದ್ಯವಾದ ಎಲ್2 ಬೇಸ್ ಮರದ್ದೇ ಅಲ್ಲ. ಗ್ರಾಫೈಟ್ ನಾರು ಮತ್ತು ಎಪಾಕ್ಸಿ ರಾಳದಿಂದ ಅಚ್ಚು ಹಾಕಿದ್ದು. ಮರದ ಒಡಲಿಗೆ ಅಚ್ಚಿನ ನೆಕ್ಕನ್ನು ಬೋಲ್ಟ್ ಮಾಡಿದ ಎಂ ಸರಣಿ ಆ ನಂತರ ಬಂತು, ಮತ್ತು ಕಂಪನಿಯನ್ನು 1987ರಲ್ಲಿ ಗಿಟಾರ್ ತಯಾರಕ ಗಿಬ್ಸನ್ ಕೊಂಡುಕೊಂಡಿತು. ಆದ್ದರಿಂದ ಒಡಲು ಮರದ್ದೆಂಬ ಒಂದೇ ಕಾರಣಕ್ಕೆ ನಿಮ್ಮದು ನಕಲಿ ಎಂದು ಹೇಳುವಂತಿಲ್ಲ. ಆದರೆ ಅದೇ ವರ್ಷಗಳಲ್ಲಿ ಹೋನರ್‌ನಂಥ ತಯಾರಕರು ಪರವಾನಗಿ ಪಡೆದು ಮರದ ನೆಕ್‌ಗಳ ಹೆಡ್‌ಲೆಸ್ ವಾದ್ಯಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸಿದ್ದಾರೆ. ಅವುಗಳ ಬ್ರಿಡ್ಜ್ ಮೇಲೆ ಸ್ಟೈನ್‌ಬರ್ಗರ್ ಸೌಂಡ್ ಕಂಪನಿಯ ಪರವಾನಗಿ ಇದೆ ಎಂಬ ಅರ್ಥದ ಬರಹ ಇರುತ್ತದೆ. ಅದರಲ್ಲಿ ಆ ಹೆಸರನ್ನು ಕಂಡವರು ವಾದ್ಯವೇ ಸ್ಟೈನ್‌ಬರ್ಗರ್ ಎಂದುಕೊಳ್ಳುವುದು ಬಹಳ ಸಾಮಾನ್ಯವಾದ ತಪ್ಪು. ಮಾರುವವರೂ ಪ್ರಾಮಾಣಿಕವಾಗಿಯೇ ಹಾಗೆ ನಂಬಿರುತ್ತಾರೆ.

ಈಗ ನೀವು ಮಾಡಬೇಕಾದ ಕೆಲಸ ಇದು. ತಂತಿಗಳನ್ನು ಸಡಿಲಿಸಿ ತೆಗೆದು, ಒಂದೊಂದಾಗಿ ಎರಡೂ ನೆಕ್‌ಗಳನ್ನು ಬಿಚ್ಚಿ, ಬೋಲ್ಟ್ ಕೂರುವ ರಂಧ್ರದ ಒಳಬದಿಯನ್ನು ಟಾರ್ಚ್ ಹಿಡಿದು ನೋಡಿ. ಅಚ್ಚಿನ ನೆಕ್ ಆದರೆ ಒಳಗೂ ಕಪ್ಪೇ ಇರುತ್ತದೆ, ನಾರಿನ ಪದರ ಕಾಣಬಹುದು. ಮರಕ್ಕೆ ಕಪ್ಪು ಬಣ್ಣ ಬಳಿದಿದ್ದರೆ ರಂಧ್ರದ ಒಳಗೆ ತಿಳಿ ಮರ ಎದ್ದು ಕಾಣುತ್ತದೆ. ಈ ಒಂದು ನೋಟದಿಂದ ಅರ್ಧ ಪ್ರಶ್ನೆ ಮುಗಿಯುತ್ತದೆ. ಜೊತೆಗೆ, ನೆಕ್ ಕೂರುವ ಎರಡು ಗುಂಡಿಗಳ ಕೆತ್ತನೆ ಒಂದೇ ರೀತಿ ಇದೆಯೇ, ಬಣ್ಣ ಗುಂಡಿಯೊಳಗೆ ಇಳಿದಿರುವ ಬಗೆ ಒಂದೇ ಇದೆಯೇ ಎಂಬುದನ್ನೂ ನೋಡಿ.

ಆಮೇಲೆ ಹಿಂಬದಿಯ ಮುಚ್ಚಳ ತೆಗೆದು ವಾಲ್ಯೂಮ್ ಮತ್ತು ಟೋನ್ ಪೊಟೆನ್ಷಿಯೋಮೀಟರ್‌ಗಳ (ತಿರುಗಿಸಿ ಸದ್ದನ್ನು ಹೊಂದಿಸುವ ಭಾಗಗಳ) ಮೇಲೆ ಒತ್ತಿರುವ ಅಂಕಿಗಳನ್ನು ಓದಿ. ಮೊದಲ ಮೂರು ಅಂಕಿಗಳು ತಯಾರಕರ ಗುರುತು. 137 ಎಂದಿದ್ದರೆ ಸಿಟಿಎಸ್, 304 ಎಂದಿದ್ದರೆ ಸ್ಟ್ಯಾಕ್‌ಪೋಲ್. ಈ ಕಾಲದ ಭಾಗಗಳಲ್ಲಿ ಮುಂದಿನ ಎರಡು ಅಂಕಿಗಳು ವರ್ಷವನ್ನು, ಕೊನೆಯ ಎರಡು ವಾರವನ್ನು ಹೇಳುತ್ತವೆ. ವಾದ್ಯ ಆ ವಾರಕ್ಕಿಂತ ಮೊದಲಿನದಾಗಿರಲಾರದು ಎಂದಷ್ಟೇ ಇದರಿಂದ ಸಿದ್ಧವಾಗುತ್ತದೆ; ಭಾಗಗಳು ತಿಂಗಳುಗಟ್ಟಲೆ ಕಪಾಟಿನಲ್ಲಿ ಇದ್ದು ನಂತರ ಬಳಕೆಯಾಗುವುದುಂಟು. ಏನನ್ನೂ ಒರೆಸಬೇಡಿ, ಮೊದಲು ಫೋಟೊ ತೆಗೆಯಿರಿ.

ಉತ್ತರ 2: ಮೂರನೇ_ಫ್ರೆಟ್

ಮೇಲಿನ ಉತ್ತರಕ್ಕೆ ನನ್ನ ಪೂರ್ಣ ಸಹಮತವಿದೆ. ನಾನು ಬೆಲೆಯ ಬಗ್ಗೆ ಮಾತ್ರ ಬರೆಯುತ್ತೇನೆ.

ನೀವು ಅಂತರ್ಜಾಲದಲ್ಲಿ ಕಂಡದ್ದು ಕೇಳಿದ ಬೆಲೆ, ಕೊಟ್ಟ ಬೆಲೆಯಲ್ಲ. ಮೂರು ವರ್ಷಗಳಿಂದ ಮಾರಾಟವಾಗದೆ ಅಲ್ಲೇ ನಿಂತಿರುವ ವಾದ್ಯದ ಬೆಲೆಚೀಟಿಯಿಂದ ಯಾರೂ ಆ ಬೆಲೆ ಕೊಡಲಿಲ್ಲ ಎಂಬುದಷ್ಟೇ ತಿಳಿಯುತ್ತದೆ. ರಿವರ್ಬ್ ಮತ್ತು ಇಬೇ ತಾಣಗಳಲ್ಲಿ ಮಾರಾಟವಾದ ವಾದ್ಯಗಳನ್ನು ಮಾತ್ರ ಬೇರ್ಪಡಿಸಿ ತೋರಿಸುವ ಸೌಲಭ್ಯವಿದೆ, ಅದನ್ನೇ ಬಳಸಿ. ಎರಡು ನೆಕ್‌ಗಳ ಹೆಡ್‌ಲೆಸ್ ಬೇಸ್ ಮಾರಾಟವಾದ ದಾಖಲೆ ಸಿಗುವುದೇ ಅಪರೂಪ. ಹಾಗಾಗಿ ಅದೇ ತಯಾರಕರ, ಅದೇ ಕಾಲದ, ಒಂದೇ ನೆಕ್‌ನ ಬೇಸ್‌ಗಳು ಕಳೆದ ಒಂದೆರಡು ವರ್ಷಗಳಲ್ಲಿ ಎಷ್ಟಕ್ಕೆ ಹೋಗಿವೆ ಎಂಬುದನ್ನು ತಳಹದಿಯಾಗಿ ಇಟ್ಟುಕೊಳ್ಳಬೇಕಾಗುತ್ತದೆ. ಎರಡು ನೆಕ್‌ಗಳಿದ್ದ ಮಾತ್ರಕ್ಕೆ ಅದರ ಎರಡು ಪಟ್ಟು ಬರುವುದಿಲ್ಲ. ಕಾರ್ಖಾನೆಯಲ್ಲೇ ಹಾಗೆ ತಯಾರಾದದ್ದೆಂದು ಸಿದ್ಧವಾದರೆ ತಳಹದಿಗಿಂತ ಸ್ಪಷ್ಟವಾಗಿ ಮೇಲೇರುತ್ತದೆ, ಯಾರೋ ಆಮೇಲೆ ಜೋಡಿಸಿದ್ದಾದರೆ ತಳಹದಿಗಿಂತ ಕೆಳಗೂ ಇಳಿಯಬಹುದು. ಇಂಥ ವಾದ್ಯ ಬೇಕೆನ್ನುವವರು ಎಲ್ಲಿಯೂ ಬೆರಳೆಣಿಕೆಯಷ್ಟೇ ಇರುತ್ತಾರೆ. ಆದರೆ ಬೇಕೆನ್ನುವವರಿಗೆ ಅದು ತೀರಾ ಬೇಕಾಗಿರುತ್ತದೆ, ಅವರು ಪ್ರತಿಯೊಂದು ತಿರುಪಿನ ಬಗ್ಗೆಯೂ ಕೇಳುತ್ತಾರೆ. ಮಾರಾಟಕ್ಕೆ ಆರು ತಿಂಗಳು ಹಿಡಿದರೂ ಗಾಬರಿಪಡಬೇಡಿ.

ನಿಮಗೆ ಮೊತ್ತ ಹೇಳಿದ ವ್ಯಾಪಾರಿ ಮೋಸ ಮಾಡಿದರೆಂದು ನಾನು ಹೇಳಲಾರೆ. ಅವರು ಹಣ ಹೂಡಿ, ಜಾಗ ಕೊಟ್ಟು, ಆ ಒಬ್ಬ ಕೊಳ್ಳುವವರು ಬರುವವರೆಗೆ ಕಾಯಬೇಕು. ಆದ್ದರಿಂದ ತಾವು ಮಾರಬಹುದಾದ ಬೆಲೆಯ ಅರ್ಧದ ಆಸುಪಾಸಿನಲ್ಲಿ ಕೇಳುವುದು ಆ ವ್ಯವಹಾರದ ಸಾಮಾನ್ಯ ರೀತಿ. ಕಮಿಷನ್ ಮೇಲೆ ಅಂಗಡಿಯಲ್ಲಿಡುವುದು ಮಧ್ಯದ ದಾರಿ. ಹರಾಜಿಗೆ ಕೊಡುವುದಾದರೆ ಮಾರುವವರ ಶುಲ್ಕದ ಜೊತೆಗೆ ಕೊಳ್ಳುವವರೂ ಮೇಲೆ ಶುಲ್ಕ ಕೊಡಬೇಕಾಗುತ್ತದೆ ಎಂಬುದನ್ನೂ, ಆ ಶುಲ್ಕವನ್ನು ಲೆಕ್ಕ ಹಾಕಿಯೇ ಅವರು ಕೂಗುತ್ತಾರೆ ಎಂಬುದನ್ನೂ ಮರೆಯಬೇಡಿ. ವಿಮೆಗಾಗಿ ಬರೆಸಿದ ಮೌಲ್ಯಪತ್ರವನ್ನು ಮಾರಾಟದ ಬೆಲೆ ಎಂದು ಎಣಿಸಲೇಬೇಡಿ; ಅದು ಕಳೆದುಹೋದ ವಾದ್ಯಕ್ಕೆ ಬದಲಿ ಹುಡುಕಿ ತರುವ ವೆಚ್ಚ.

ನನ್ನದೇ ಅನುಭವ ಒಂದನ್ನು ಹೇಳುತ್ತೇನೆ. ಒಮ್ಮೆ ಹಳೆಯ ಆ್ಯಕ್ಟಿವ್ (ಒಳಗೆ ಬ್ಯಾಟರಿ ಇರುವ) ಬೇಸ್ ಒಂದನ್ನು ಮಾರುವ ಮೊದಲು, ಕರಕರ ಸದ್ದು ಬರುತ್ತದೆಂದು ಒಳಗಿನ ವಿದ್ಯುತ್ ಭಾಗಗಳನ್ನೆಲ್ಲ ಬದಲಿಸಿ ಹಳೆಯದನ್ನು ಕಸಕ್ಕೆ ಹಾಕಿದೆ. ನೋಡಲು ಬಂದವರು ಮುಚ್ಚಳ ತೆಗೆದು, ಹೊಸ ಬೆಸುಗೆಯನ್ನು ಕಂಡು, ಹಳೆಯ ಭಾಗಗಳು ಎಲ್ಲಿ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರು ಮುಚ್ಚಳವನ್ನು ಹಾಕಿ, ನಾಲ್ಕೂ ತಿರುಪುಗಳನ್ನು ನಿಧಾನವಾಗಿ ಬಿಗಿದು, ಒಪ್ಪಿದ್ದ ಬೆಲೆಯಲ್ಲಿ ಮೂರನೇ ಒಂದು ಭಾಗ ಇಳಿಸಿದರು. ಸದ್ದಿನ ದೋಷಕ್ಕೆ ಕಾರಣ ಹಳೆಯ 9 ವೋಲ್ಟ್ ಬ್ಯಾಟರಿಯ ಕೊಂಡಿಯಲ್ಲಿ ಕಟ್ಟಿದ್ದ ಕಿಲುಬು ಮಾತ್ರ ಎಂಬುದು ನನಗೆ ಆಮೇಲೆ ಹೊಳೆಯಿತು.

ಮಂದ್ರತಂತಿ

ಇಬ್ಬರಿಗೂ ಧನ್ಯವಾದಗಳು. ನಿನ್ನೆ ಸಂಜೆ ಹೇಳಿದಂತೆಯೇ ಬಿಚ್ಚಿದೆ.

ಕೆಳಗಿನ ನೆಕ್‌ನ ರಂಧ್ರಗಳ ಒಳಗೆ ಕಪ್ಪು, ತುದಿಯಲ್ಲಿ ನಾರಿನ ಪದರ ಸ್ಪಷ್ಟವಾಗಿದೆ, ಅದರ ಬ್ರಿಡ್ಜ್ ಮೇಲೆ ಪರವಾನಗಿಯ ಬರಹವಿಲ್ಲ. ಮೇಲಿನ ನೆಕ್‌ನ ರಂಧ್ರದೊಳಗೆ ತಿಳಿ ಹಳದಿ ಮರ. ಬ್ರಿಡ್ಜ್ ಮೇಲೆ ಪರವಾನಗಿಯ ಬರಹವಿದೆ. ಇಷ್ಟು ವರ್ಷ ಅಂಗೈ ಅದರ ಮೇಲೇ ಇರುತ್ತಿದ್ದರೂ ನಾನು ಓದಿರಲಿಲ್ಲ. ಬೆರಳುಹಲಗೆಯನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಫ್ರೆಟ್ ಕಿತ್ತು ತುಂಬಿದ ತೆಳುವಾದ ಗೆರೆಗಳು ಸಾಲಾಗಿ ಕಾಣುತ್ತವೆ, ಆ ಹಲಗೆ ಬೀಟೆಯದ್ದಿರಬೇಕು. ಕೆಳಗಿನ ನೆಕ್ಕಿಗೆ ಸೇರಿದ ಪೊಟೆನ್ಷಿಯೋಮೀಟರ್‌ಗಳಲ್ಲಿ 1378527 ಮತ್ತು 1378531, ಮೇಲಿನದರಲ್ಲಿ 1379018 ಎಂದಿದೆ. ಮೇಲಿನ ಗುಂಡಿಯ ಅಂಚಿನಲ್ಲಿ ಉಳಿಯ ಗುರುತುಗಳಿವೆ, ಕೆಳಗಿನದರಲ್ಲಿ ಇಲ್ಲ.

ಅಂದರೆ 1985ರ ಬೇಸ್ ಒಂದರ ಭಾಗಗಳಿಗೆ 1990ರಲ್ಲೋ ಆ ನಂತರವೋ ಯಾರೋ ಎರಡನೆಯ ನೆಕ್ ಸೇರಿಸಿದ್ದಾರೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಮನಸ್ಸಿಗೆ ಬೇಸರವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಹಾಗಾದರೆ ಬಿಡಿ ಬಿಡಿಯಾಗಿ ಮಾರುವುದು ಮೇಲೋ?

ಉತ್ತರ 1: ಬಿರಡೆ_ಬೆಸುಗೆ

ನಿಮ್ಮ ಓದು ಸರಿಯಾಗಿದೆ. ಒಡಲು ಕೂಡ ಕಾರ್ಖಾನೆಯದ್ದಾಗಿರುವ ಸಾಧ್ಯತೆ ಕಡಿಮೆ, ಏಕೆಂದರೆ ಒಂದು ನೆಕ್‌ಗಾಗಿ ಮಾಡಿದ ಒಡಲಿನಲ್ಲಿ ಎರಡನೆಯದಕ್ಕೆ ಜಾಗವಿರುವುದಿಲ್ಲ. ಕೆಳಗಿನ ನೆಕ್, ಅದರ ಬ್ರಿಡ್ಜ್ ಮತ್ತು ಪಿಕಪ್‌ಗಳಿಗೆ ಬಿಡಿಯಾಗಿ ಖಂಡಿತ ಬೇಡಿಕೆಯಿದೆ. ಇಂಥ ಭಾಗಗಳು ಮುರಿದರೆ ಬದಲಿ ಸಿಗುವುದು ಕಷ್ಟವಾದ್ದರಿಂದ ಬಿಡಿಭಾಗಗಳ ಒಟ್ಟು ಮೊತ್ತ ಇಡೀ ವಾದ್ಯದ ಬೆಲೆಯನ್ನು ಮೀರಿದರೂ ನನಗೆ ಆಶ್ಚರ್ಯವಿಲ್ಲ. ಆದರೂ ಬಿಡಿಸಬೇಡಿ ಎಂದೇ ನನ್ನ ಬೇಡಿಕೆ. ಅದನ್ನು ಜೋಡಿಸಿದ ಆ ಅಜ್ಞಾತ ಕೈಗೆ ಕೆಲಸ ಗೊತ್ತಿತ್ತು. ಮೂವತ್ತು ವರ್ಷಗಳ ಮೇಲೂ ಎರಡು ನೆಕ್‌ಗಳೂ ನುಡಿಸುವ ಸ್ಥಿತಿಯಲ್ಲಿವೆ ಎಂದರೆ ಅದು ಸಣ್ಣ ಮಾತಲ್ಲ.

ಸ್ಥಿತಿಯನ್ನು ಅಳೆದು ಬರೆಯಿರಿ. ಶ್ರುತಿ ಮಾಡಿದ ಮೇಲೆ ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ಗಳಲ್ಲಿ ಒತ್ತಿ ಹಿಡಿದು, ಎಂಟನೆಯ ಫ್ರೆಟ್ ಬಳಿ ತಂತಿಗೂ ಫ್ರೆಟ್ಟಿಗೂ ಎಷ್ಟು ಅಂತರವಿದೆ ಎಂದು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳಿಂದ) ನೋಡಿ, 0.3 ಮಿಲಿಮೀಟರಿನ ಆಸುಪಾಸು ಇದ್ದರೆ ಚೆನ್ನಾಗಿದೆ. ಆ ಕಾಲದ ಅಚ್ಚಿನ ನೆಕ್ಕಿಗೆ ಸಾಮಾನ್ಯವಾಗಿ ಟ್ರಸ್ ರಾಡ್ (ನೆಕ್ಕಿನ ಬಾಗನ್ನು ಸರಿಪಡಿಸುವ ಒಳಗಿನ ಲೋಹದ ಸರಳು) ಇರುವುದಿಲ್ಲವಾದ್ದರಿಂದ ಅದು ಬಾಗಿದ್ದರೆ ತಿರುಪು ತಿರುಗಿಸಿ ಸರಿಪಡಿಸಲಾಗದು, ಬಲ್ಲ ಕೊಳ್ಳುವವರು ಮೊದಲು ಕೇಳುವುದೂ ಇದನ್ನೇ. ಎಂಟೂ ಬಿರಡೆಗಳು ಪೂರ್ತಿ ಓಡುತ್ತವೆಯೇ, ತಂತಿಯ ತುದಿಯನ್ನು ಹಿಡಿಯುವ ದವಡೆಗಳು ಸವೆದಿವೆಯೇ ಎಂಬುದನ್ನೂ ಸೇರಿಸಿ. ಇಂಥ ಹೆಡ್‌ಲೆಸ್ ವಾದ್ಯಕ್ಕೆ ಹಾಕುವ, ಎರಡೂ ತುದಿಗಳಲ್ಲಿ ಪುಟ್ಟ ಲೋಹದ ಗುಂಡಿರುವ ತಂತಿ ಇಂದಿಗೂ ತಯಾರಾಗುತ್ತದೆ. ಅದು ಗೊತ್ತಿಲ್ಲದೆ ಹಿಂಜರಿಯುವವರಿರುತ್ತಾರಾದ್ದರಿಂದ ಒಂದು ಹೊಸ ಜೊತೆಯನ್ನು ವಾದ್ಯದೊಂದಿಗೇ ಕೊಡಿ.

ಉತ್ತರ 3: ಕಪ್ಪು_ಪೆಟ್ಟಿಗೆ

ಕಳುಹಿಸುವ ವಿಚಾರ ಯಾರೂ ಹೇಳಿಲ್ಲವಾದ್ದರಿಂದ ಸೇರಿಸುತ್ತೇನೆ. ಮೇಲಿನ ಬೆರಳುಹಲಗೆ ಬೀಟೆಯದ್ದಾದರೆ, ದೇಶದ ಗಡಿ ದಾಟಿಸುವಾಗ ಸೈಟೀಸ್, ಅಂದರೆ ಅಳಿವಿನಂಚಿನ ಸಸ್ಯ ಮತ್ತು ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಪ್ರಶ್ನೆ ಬರುತ್ತದೆ. 2017ರ ಜನವರಿಯಿಂದ ಬೀಟೆಯ ಕುಲದ ಎಲ್ಲ ಮರಗಳಿಗೂ ನಿರ್ಬಂಧ ವಿಸ್ತರಿಸಿತ್ತು, 2019ರ ನವೆಂಬರ್‌ನಿಂದ ಸಿದ್ಧ ಸಂಗೀತವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. 1992ರಿಂದ ಅತಿ ಕಠಿಣ ಪಟ್ಟಿಯಲ್ಲಿರುವ ಬ್ರೆಜಿಲ್‌ನ ಬೀಟೆಗೆ ಮಾತ್ರ ಈ ವಿನಾಯಿತಿ ಇಲ್ಲ. ಮರ ಯಾವುದೆಂದು ತಿಳಿದವರಿಂದ ಒಮ್ಮೆ ನೋಡಿಸಿ, ಅದನ್ನೂ ವಿವರದಲ್ಲಿ ಬರೆಯಿರಿ.

ಪೆಟ್ಟಿಗೆ ಅಗಲವಾಗಿರುವುದರಿಂದ ಕೊರಿಯರ್‌ನವರ ಅಳತೆಯ ಮಿತಿಯನ್ನು ಬೆಲೆ ಒಪ್ಪುವ ಮೊದಲೇ ವಿಚಾರಿಸಿ. ತಂತಿಯನ್ನು ಸ್ವಲ್ಪ ಸಡಿಲಿಸಿ, ಬ್ಯಾಟರಿ ತೆಗೆದು, ನೆಕ್‌ಗಳ ನಡುವಿನ ಜಾಗಕ್ಕೆ ಮೆತ್ತೆ ತುಂಬಿ. ಕೇಳಿದ್ದಕ್ಕಿಂತ ಹೆಚ್ಚು ಹಣ ಕಳುಹಿಸಿ ಉಳಿದದ್ದನ್ನು ಮರಳಿಸಿ ಎನ್ನುವವರು ಬಂದರೆ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸಿ.

ಮಂದ್ರತಂತಿ

ಇಡಿಯಾಗಿಯೇ ಮಾರುತ್ತೇನೆ. ಸ್ಟೈನ್‌ಬರ್ಗರ್ ಎಂಬ ಹೆಸರನ್ನು ಶೀರ್ಷಿಕೆಯಲ್ಲಿ ಹಾಕದೆ, ಕೆಳಗಿನ ನೆಕ್ ಮತ್ತು ಅದರ ಭಾಗಗಳು 1985ರವು, ಮೇಲಿನದು ನಂತರ ಸೇರಿಸಿದ್ದು ಎಂದು ಮೊದಲ ವಾಕ್ಯದಲ್ಲೇ ಬರೆದು, ಉಳಿಯ ಗುರುತಿನ ಫೋಟೊವನ್ನೂ ಹಾಕುತ್ತೇನೆ. ಒಂದೇ ನೆಕ್‌ನ ಮೂರು ವಾದ್ಯಗಳು ನಿಜವಾಗಿ ಮಾರಾಟವಾದ ಬೆಲೆ ಸಿಕ್ಕಿದೆ. ಅವುಗಳ ಸರಾಸರಿಗಿಂತ ಸ್ವಲ್ಪ ಕೆಳಗೆ ಆರಂಭಿಸುತ್ತೇನೆ. ಕೆಳಗಿನ ನೆಕ್‌ನ ಅಂತರ 0.3 ಬಂತು, ಮೇಲಿನದನ್ನು ನಾಳೆ ಹೊಸ ತಂತಿ ಹಾಕಿ ಅಳೆಯುತ್ತೇನೆ.