ಬೆಲ್ಜಿಯಂ ಹುಳಿ ಬ್ರೌನ್ ಬಿಯರ್ ಹೆಂಗ ಕುಡೀಬೇಕ್ರಿ?

ಬಿಸಿಲೂರ ಮಂದಿ (ಕಲಬುರಗಿ):
ಕಾಕಾನ ಮಗ ಬೆಲ್ಜಿಯಂನಿಂದ ಲೀಫ್‌ಮನ್ಸ್ ಗೌಡೆನ್‌ಬಾಂಡ್ ತಂದಾನ್ರಿ, ಫ್ರಿಜ್‌ನ್ಯಾಗ ಫುಲ್ ಥಂಡ ಮಾಡಿ ಕುಡಿದ್ರ ಬರೀ ಹುಳಿ, ಕೆಟ್ಟದೇನು?

ಕೋಟಿ ಕಟ್ಟಿ:
ಕೆಟ್ಟಿಲ್ರಿ ಅಣ್ಣಾ. ಅದು ಬೆಲ್ಜಿಯಂದ ಔಡೆನಾರ್ಡೆ ಊರಿನ ಔಡ್ ಬ್ರೌನ್ (ಹುಳಿ ಬ್ರೌನ್ ಬಿಯರ್‌ನ ಒಂದು ಬಗೆ), ಹುಳಿ ಬರೋದೇ ಲ್ಯಾಕ್ಟಿಕ್ ಬ್ಯಾಕ್ಟೀರಿಯಾದಿಂದ. ಭಾಳ ಥಂಡ ಇದ್ರ ಹುಳಿ ಬಿಟ್ಟು ಏನೂ ಗೊತ್ತಾಗಲ್ಲ, 10-12 ಡಿಗ್ರಿಗೆ ಬರ್ಲಿ (ನಮ್ಮ ಮೇ ತಿಂಗಳ ಬಿಸಿಲಿಗೆ ಎಷ್ಟೊತ್ತು ಬೇಕ್ರಿ), ಅಗಲ ಗ್ಲಾಸಿಗೆ ಹಾಕಿ ಮೊದಲ ವಾಸನಿ ನೋಡ್ರಿ, ಒಣದ್ರಾಕ್ಷಿ, ಕ್ಯಾರಮೆಲ್, ಚೆರ್ರಿ ಎಲ್ಲಾ ಸಿಗ್ತದ. ಆಲ್ಕೋಹಾಲ್ 8 ಪರ್ಸೆಂಟ್ ಅದ, ಗಟಗಟ ಬ್ಯಾಡ.

ಬೀದರ್ ಭಾಯ್:
ನನಗ ಬೆಲ್ಜಿಯಂದೇ ಇನ್ನೊಂದು ಹುಳಿ ಬಿಯರ್, ರೋಡನ್‌ಬಾಕ್ ಗ್ರಾಂಡ್ ಕ್ರೂನೇ ಛಲೋ. ಓಕ್ ಪೀಪಾಯಿನ್ಯಾಗ 2 ವರ್ಷ ಇಟ್ಟಿದ್ದು ಮೂರರಾಗ ಎರಡು ಪಾಲು ಇರ್ತದ, ವಿನೆಗರ್ ಖಡಕ್.

ಬಿಸಿಲೂರ ಮಂದಿ:
ಜೋಡಿ ಮಟನ್ ನಡೀತದೇನ್ರಿ?

ಕೋಟಿ ಕಟ್ಟಿ:
ನಡೀತದ, ಖಾರ ಕಮ್ಮಿ ಹಾಕ್ರಿ.