ಮನೆ ಬಳಕೆಗೆ ಯಾವ ಇಂಪ್ಯಾಕ್ಟ್ ಗನ್? ಮೆಕ್ಯಾನಿಕ್ ಅಣ್ಣನನ್ನು ಕೇಳಿ

ಅಡ್ಮಿನ್: ಈ ಭಾನುವಾರ ದಾವಣಗೆರೆಯಲ್ಲಿ ಗ್ಯಾರೇಜ್ ನಡೆಸುವ ಅಣ್ಣ ನಮ್ಮ ಜೊತೆ ಇದ್ದಾರೆ. ಚಕ್ರ ಬಿಚ್ಚೋದು, ಮನೆಯ ಸಣ್ಣಪುಟ್ಟ ಬೋಲ್ಟು ಕೆಲಸ, ಅಷ್ಟಕ್ಕೆ ಬೇಕಾದ ಕಡಿಮೆ ಬೆಲೆಯ ಇಂಪ್ಯಾಕ್ಟ್ ಗನ್ (ಹೊಡೆತ ಕೊಟ್ಟು ನಟ್ಟು ಬೋಲ್ಟು ತಿರುಗಿಸೋ ಯಂತ್ರ) ಬಗ್ಗೆ ಕೇಳಿ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ತುಮಕೂರು ಆಲ್ಟೊ: ನಮಸ್ತೆ ಅಣ್ಣ. ಒಂದು ಆಲ್ಟೊ, ಒಂದು ಆಕ್ಟಿವಾ ಇದೆ. ವರ್ಷಕ್ಕೆ ಎರಡು ಮೂರು ಸಲ ಚಕ್ರ ಬಿಚ್ಚೋ ಕೆಲಸ ಬರುತ್ತೆ. ಬಜೆಟ್ 6 ಸಾವಿರ. ಆನ್‌ಲೈನಲ್ಲಿ 48 ವೋಲ್ಟ್, 88, 128 ಅಂತೆಲ್ಲ ತೋರಿಸ್ತಿದೆ. ಯಾವುದು ತಗೊಳ್ಳಲಿ?

ಮೆಕ್ಯಾನಿಕ್: ನಮಸ್ತೆ. ಆ ವೋಲ್ಟ್ ಮರೆತುಬಿಡಿ. ಈ ಥರದ ಬ್ಯಾಟರಿ ಡಬ್ಬಿಯಲ್ಲಿ ಸಾಲಾಗಿ ಜೋಡಿಸಿರೋದು 5 ಸೆಲ್. ಸೆಲ್ಲಿಗೆ 3.6 ವೋಲ್ಟ್ ಅಂದ್ರೆ 18 ಆಯ್ತು. ಫುಲ್ ಚಾರ್ಜಲ್ಲಿ 4.2, ಆಗ 21. ಹಾಗಾಗಿ 18 ಅಂದ್ರೂ 20 ಮ್ಯಾಕ್ಸ್ ಅಂದ್ರೂ 21 ಅಂದ್ರೂ ಮಾಲು ಅದೇ. 88, 128 ಎಲ್ಲಾ ಸ್ಟಿಕ್ಕರ್ ಅಂಟಿಸಿದವನ ಧಾರಾಳತನ.

ನೋಡಬೇಕಾದ್ದು ಎನ್‌ಎಂ (ನ್ಯೂಟನ್ ಮೀಟರ್), ಅಂದ್ರೆ ಟಾರ್ಕ್, ತಿರುಗಿಸೋ ಬಲ. ಅದರಲ್ಲೂ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಇರೋದು ಸಾಮಾನ್ಯವಾಗಿ ಬಿಚ್ಚೋ ಟಾರ್ಕ್, ಬಿಗಿಯೋದು ಅದಕ್ಕಿಂತ ಕಮ್ಮಿ. ಸಣ್ಣ ಕಾರುಗಳ ವೀಲ್ ನಟ್ಟು ಹೆಚ್ಚಾಗಿ 85ರಿಂದ 120 ಎನ್‌ಎಂ ಒಳಗೇ ಬರುತ್ತೆ. ತುಕ್ಕು ಹಿಡಿದು ಕೂತಿದ್ರೂ ಅದರ ಎರಡರಷ್ಟು ಬಲ ಇದ್ರೆ ಸಾಮಾನ್ಯವಾಗಿ ಬಿಡುತ್ತೆ. 200–300 ನಿಜವಾಗಿ ಕೊಡೋ ಗನ್ ಸಾಕು. ಮಕಿಟಾ ಕಂಪನಿಯವರ ಡಿಟಿಡಬ್ಲ್ಯೂ 190 ಗನ್ನಿನ ಮೇಲೆ 190 ಎನ್‌ಎಂ ಅಂತಲೇ ಇದೆ. ಹೆಚ್ಚುಕಮ್ಮಿ ಅದೇ ಗಾತ್ರದ ಹೆಸರಿಲ್ಲದ ಗನ್ನಿನ ಮೇಲೆ 1000 ಅಂತಿದ್ರೆ ನೀವೇ ಲೆಕ್ಕ ಹಾಕಿ.

ಕಾರು ನಿಲ್ಲಿಸೋ ಜಾಗದ ಹತ್ತಿರ ಪ್ಲಗ್ ಇದ್ಯಾ? ಇದ್ರೆ ವೈರ್ ಇರೋದನ್ನೇ ತಗೊಳ್ಳಿ, ಅರ್ಧ ಇಂಚಿನ ಚೌಕ ಮೂತಿಯದು. ಭಾರ ಇರುತ್ತೆ, ಆದ್ರೆ ಎಂಟು ತಿಂಗಳು ಅಟ್ಟದ ಮೇಲಿಟ್ಟು ತೆಗೆದ್ರೂ ಓಡುತ್ತೆ. ವರ್ಷಕ್ಕೆ ಮೂರು ಸಲ ಬಳಸೋರ ಬ್ಯಾಟರಿ ಸಾಯೋದು ಕೆಲಸ ಮಾಡಿ ಅಲ್ಲ, ಚಾರ್ಜ್ ಇಳಿದು ಮೂಲೆಯಲ್ಲಿ ಬಿದ್ದು.

ಕೋಲಾರ ಬುಲೆಟ್: ಅಣ್ಣ 88 ವೋಲ್ಟಿಂದು ಹೇಗೆ?

ಮೆಕ್ಯಾನಿಕ್: ಮೇಲೆ ಬರೆದಿದ್ದೀನಿ.

ಕುಡ್ಲ ಸ್ವಿಫ್ಟ್: ನನ್ನತ್ರ ಹ್ಯಾಮರ್ ಡ್ರಿಲ್ ಉಂಟು ಮಾರಾಯ್ರೆ. ಅದಕ್ಕೇ ನಟ್ಟು ಹಿಡಿಯುವ ಸಾಕೆಟ್ ಹಾಕಿದ್ರೆ ಆಗುದಿಲ್ವಾ? ಸುಮ್ನೆ ಯಾಕೆ ಖರ್ಚು?

ಮೆಕ್ಯಾನಿಕ್: ಆಗಲ್ಲ. ಡ್ರಿಲ್ಲಿನ ಸುತ್ತಿಗೆ ಗೋಡೆ ಕಡೆಗೆ ಕುಟ್ಟುತ್ತೆ. ಗನ್ನಿನ ಸುತ್ತಿಗೆ ತಿರುಗೋ ದಿಕ್ಕಿಗೇ ಹೊಡೆಯುತ್ತೆ. ಜಾಮ್ ಆದ ನಟ್ಟಿಗೆ ಡ್ರಿಲ್ ಹಾಕಿದ್ರೆ ನಟ್ಟು ಅಲ್ಲೇ ಇರುತ್ತೆ, ನಿಮ್ಮ ಮಣಿಕಟ್ಟು ತಿರುಗುತ್ತೆ.

ಸಾಗರ ವ್ಯಾಗನ್‌ಆರ್: ಸರ್, ನಮ್ಮನೆಯವರು ಹೋದ ತಿಂಗಳು ಒಂದು ಗನ್ ತರಿಸಿದ್ರು. ನಿನ್ನೆ ಪಂಕ್ಚರ್ ಆಗಿ ಸ್ಟೆಪ್ನಿ ಹಾಕಿದ್ವಿ. ಮುಂದಿನ ಎಡ ಚಕ್ರದಲ್ಲಿ ಮೂರು ನಟ್ಟು ಗಟ್ಟಿ ಕೂತಿವೆ. ಒಂದು ಮಾತ್ರ ನಿಂತ ಹಾಗೆ ಆಗುತ್ತೆ, ಮತ್ತೆ ಗನ್ ಒತ್ತಿದ್ರೆ ಇನ್ನೂ ಸ್ವಲ್ಪ ತಿರುಗುತ್ತೆ. ನಾಳೆ ಬೆಳಗ್ಗೆ ಹೊನ್ನಾವರದಲ್ಲಿ ಮದುವೆ. ಮೂರು ನಟ್ಟಲ್ಲಿ ಹೋಗಬಹುದಲ್ವಾ?

ಮೆಕ್ಯಾನಿಕ್: ಹೋಗಬೇಡಿ ಅಮ್ಮ. ಗೇರುಸೊಪ್ಪೆ ಘಟ್ಟ ಇಳಿಯೋ ದಾರಿ ಅದು. ಉಳಿದೋರ ಪ್ರಶ್ನೆ ಆಮೇಲೆ, ಮೊದಲು ಇದು.

ವೀಲ್ ಸ್ಟಡ್ಡು, ಅಂದ್ರೆ ನಟ್ಟು ಕೂರೋ ಬೋಲ್ಟು, ಉಕ್ಕೇ ಆದ್ರೂ ನಟ್ಟು ಬಿಗಿದಾಗ ರಬ್ಬರ್ ಬ್ಯಾಂಡಿನ ಹಾಗೆ ಕೂದಲೆಳೆಯಷ್ಟು ಎಳೆದುಕೊಳ್ಳುತ್ತೆ. ಆ ಎಳೆತವೇ ಚಕ್ರವನ್ನ ಹಬ್ಬಿಗೆ (ಚಕ್ರ ಕೂರೋ ನಡುಭಾಗಕ್ಕೆ) ಒತ್ತಿ ಹಿಡಿಯೋದು. ಮಿತಿ ದಾಟಿ ಎಳೆದ್ರೆ ವಾಪಸ್ ಬರಲ್ಲ, ಉದ್ದ ಆಗಿ ಸೊರಗಿಬಿಡುತ್ತೆ. ಆಗ ನೀವು ಹೇಳಿದ ಹಾಗೇ: ನಿಂತಂಗಾಗುತ್ತೆ, ಮತ್ತೆ ತಿರುಗುತ್ತೆ. ಅದು ಬಿಗಿ ಆಗ್ತಿಲ್ಲ, ಹರಿಯೋಕೆ ತಯಾರಾಗ್ತಿದೆ. ಇನ್ನೊಂದು ಸಾಧ್ಯತೆ, ನಟ್ಟಿನ ಥ್ರೆಡ್ಡೇ ಕಿತ್ತು ಹೋಗಿರಬಹುದು. ಮೂರನೇದು, ಸ್ಟಡ್ಡಿನ ಬುಡದ ಹಲ್ಲು ಹಬ್ಬಲ್ಲಿ ಸವೆದು ಸ್ಟಡ್ಡೇ ನಟ್ಟಿನ ಜೊತೆ ಸುತ್ತುತ್ತಿರಬಹುದು. ಮೂರರಲ್ಲಿ ಯಾವುದಾದ್ರೂ ಗಾಡಿ ಕದಲಿಸೋ ಹಾಗಿಲ್ಲ.

ಹೀಗೆ ನೋಡಿ. ಸಮತಟ್ಟು ಜಾಗ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು. ಆ ಒಂದು ನಟ್ಟನ್ನ ಮಾತ್ರ ಕೈ ಪಾನಾದಲ್ಲಿ ಬಿಚ್ಚಿ. ಒಳಗೆ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿದ ಲೋಹದ ಎಳೆ ಇದ್ರೆ ಥ್ರೆಡ್ ಹೋಗಿದೆ. ಇಲ್ಲದಿದ್ರೆ ಸ್ಟಡ್ಡು ಒರೆಸಿ, ನಟ್ಟನ್ನ ಬೆರಳಲ್ಲೇ ತಿರುಗಿಸ್ತಾ ಒಳಗೆ ಬಿಡಿ. ಬುಡದವರೆಗೂ ಸಲೀಸಾಗಿ ಹೋಗಬೇಕು. ಮಧ್ಯದಲ್ಲಿ ಒಂದು ಕಡೆ ಕಚ್ಚಿಕೊಂಡ್ರೆ ಅಲ್ಲಿ ಸ್ಟಡ್ಡು ಎಳೆದುಹೋಗಿದೆ. ಬೇರೆ ಒಳ್ಳೆ ಸ್ಟಡ್ಡು ಸಿಕ್ಕರೆ ಹಲ್ಲಿಗೆ ಹಲ್ಲು ಸೇರಿಸಿ ಬೆಳಕಿಗೆ ಹಿಡೀರಿ. ಹಲ್ಲು ಕೂರದೆ ಸಂದಿಯಲ್ಲಿ ಬೆಳಕು ಬಂದ್ರೆ ಅನುಮಾನವೇ ಬೇಡ.

ಉಳಿದ ಮೂರು ಗಟ್ಟಿ ಇವೆ ಅಂತೀರಿ. ಅವನ್ನೂ ಅದೇ ಗನ್ನಲ್ಲೇ ತಾನೇ ಬಿಗಿದದ್ದು? ಮೆಕ್ಯಾನಿಕ್‌ನ ಮನೆಗೇ ಕರೆಸಿ, ನಾಲ್ಕನ್ನೂ ನೋಡೋಕೆ ಹೇಳಿ. ಕೆಟ್ಟದ್ದರ ಅಕ್ಕಪಕ್ಕದ ಸ್ಟಡ್ಡೂ ಬದಲಾಯಿಸ್ಲಿ, ಅದರ ಭಾರ ಅವೇ ಹೊತ್ತಿರ್ತವೆ. ಮದುವೆಗೆ ಬಸ್ಸಲ್ಲಿ ಹೋಗಿ ಬನ್ನಿ.

ಹುಬ್ಬಳ್ಳಿ ಮಂದಿ: ಅಣ್ಣಾರ, ಇದು ಗ್ರೂಪಿನ್ಯಾಗ ಬಂದೈತ್ರಿ. "ವೀಲ್ ಸ್ಟಡ್ಡಿಗೆ ಗ್ರೀಸ್ ಸವರಿ ಗನ್ನಿಂದ ಬಿಗಿರಿ, ಜೀವನದಾಗ ಜಾಮ್ ಆಗಂಗಿಲ್ಲ. ಜಾಮ್ ಆದ್ರ ಗ್ಯಾಸ್ ಟಾರ್ಚಿಲೆ ಕಾಯಿಸ್ರಿ." ಖರೇ ಏನ್ರಿ?

ಮೆಕ್ಯಾನಿಕ್: ಸಾಗರದ ಅಮ್ಮನಿಗೆ ಈಗಷ್ಟೇ ಏನು ಬರೆದೆ? ಗ್ರೀಸ್ ಹಾಕಿದ್ರೆ ಉಜ್ಜಾಟ ಕಮ್ಮಿ ಆಗಿ ಅದೇ ಟಾರ್ಕಿಗೆ ಸ್ಟಡ್ಡು ಇನ್ನೂ ಜಾಸ್ತಿ ಎಳೆಯುತ್ತೆ. ಕೈಪಿಡಿಯ ಅಂಕಿ ಒಣ ಥ್ರೆಡ್ಡಿಗೆ. ಇನ್ನು ಟಾರ್ಚ್: ಗಾಳಿ ತುಂಬಿದ ಟೈರಿನ ಡಿಸ್ಕಿಗೆ ಬೆಂಕಿ ಹಿಡಿದ್ರೆ ಟೈರ್ ಒಳಗೇ ಸುಟ್ಟು ಅನಿಲ ಆಗಿ ಸಿಡಿಯುತ್ತೆ. ಪಕ್ಕದಲ್ಲಿ ಕೂತವನು ಎದ್ದೇಳಲ್ಲ. ಇದನ್ನ ಇನ್ನೊಂದು ಗ್ರೂಪಿಗೆ ಕಳಿಸೋದಿದ್ರೆ ನನ್ನ ಈ ಉತ್ತರಾನೂ ಜೊತೆಗೇ ಕಳಿಸಿ.

ಹುಬ್ಬಳ್ಳಿ ಮಂದಿ: ಕೇಳಿದ್ದಕ್ಕ ಇಷ್ಟ್ಯಾಕ ಸಿಟ್ಟರೀ. ನಾನೇನ್ ಬರದಿದ್ದೇನ್ ಅದನ್ನ?

ಮಂಡ್ಯ ಡಿಸೈರ್: ನಮ್ಮೂರ ಪಂಕ್ಚರ್ ಅಂಗಡಿಯವನು ಹತ್ತು ವರ್ಷದಿಂದ ಗನ್ನಲ್ಲೇ ಬಿಗೀತಾವ್ನೆ. ಯಾರ ಚಕ್ರಾನೂ ಕಳಚಿಲ್ಲ. ಅಣ್ಣ ಸುಮ್ನೆ ಹೆದರಿಸ್ತಾವ್ರೆ.

ಬೆಂಗಳೂರು ಇವಿ: ಅವನು ಬಿಗಿದದ್ದನ್ನ ರಸ್ತೆಯಲ್ಲಿ ನಿಂತು ಕೈ ಪಾನಾದಲ್ಲಿ ಬಿಚ್ಚೋಕೆ ಟ್ರೈ ಮಾಡಿದ್ದೀರಾ ಯಾವತ್ತಾದ್ರೂ?

ಮಂಡ್ಯ ಡಿಸೈರ್: ಇವಿ ಇಟ್ಕಂಡೋರು ಪಾನಾ ಮುಟ್ಟಿದ್ದು ಯಾವಾಗ ಸ್ವಾಮಿ?

ಬೆಂಗಳೂರು ಇವಿ: ಇವಿಗೂ ನಾಲ್ಕು ಚಕ್ರ ಇದೆ ಗುರು. ಟೂಲ್ ಅಂಗಡಿಗಳ ಎಸ್‌ಜೆಪಿ ರೋಡಲ್ಲಿ ಕೈಗೆತ್ತಿ ನೋಡಿ ತಂದ ಗನ್ ನಂದು, ನಿಮ್ಮ ಹಾಗೆ ಫೋಟೋ ನೋಡಿ ತರಿಸಿದ್ದಲ್ಲ.

ಮಂಡ್ಯ ಡಿಸೈರ್: ಎಸ್‌ಜೆಪಿ ರೋಡಲ್ಲಿ ಡೂಪ್ಲಿಕೇಟ್ ಸಿಗಲ್ವಾ? ಬಿಲ್ಲು, ವಾರಂಟಿ ಕಾರ್ಡ್ ಹಾಕಿ ನೋಡೋಣ.

ಬೆಂಗಳೂರು ಇವಿ: ನಿಮಗ್ಯಾಕೆ ನಾನು ಬಿಲ್ಲು ತೋರಿಸಬೇಕು?

ಶಿವಮೊಗ್ಗ ತೋಟ: ಅಡಿಕೆ ತೋಟದ ಪಂಪ್‌ಸೆಟ್ ಫ್ಲ್ಯಾಂಜಿನ ಬೋಲ್ಟಿಗೆ ಇದೇ ಗನ್ ಆಗುತ್ತಾ ಅಣ್ಣ?

ಅಡ್ಮಿನ್: ಮಂಡ್ಯ, ಬೆಂಗಳೂರು, ಇಬ್ಬರೂ ನಿಲ್ಲಿಸಿ.

ಮೆಕ್ಯಾನಿಕ್: ಹೆದರಿಸ್ತಿಲ್ಲ ಮಂಡ್ಯದೋರೆ, ಲೆಕ್ಕ ಹೇಳ್ತೀನಿ. ಬೇಕಾದ್ದು 85 ಎನ್‌ಎಂ ಅಂತಿಟ್ಟುಕೊಳ್ಳಿ. 30 ಸೆಂಟಿಮೀಟರ್ ಪಾನಾದ ತುದಿಗೆ ಸುಮಾರು 29 ಕೆಜಿ ಭಾರ ಬಿದ್ರೆ ಅಷ್ಟಾಯ್ತು. 70 ಕೆಜಿ ಆಳು ಅದರ ಮೇಲೆ ಹತ್ತಿ ನಿಂತ್ರೆ 200 ದಾಟುತ್ತೆ. ಗನ್ನಿನ ಗುಂಡಿ ಒತ್ತಿ ಹಿಡಿದ್ರೆ ಎಷ್ಟಾಯ್ತು ಅಂತ ಯಾರಿಗೂ ಗೊತ್ತಾಗಲ್ಲ. ನಿಮ್ಮ ಅಂಗಡಿಯವನಿಗೂ.

ಕೋಲಾರ ಬುಲೆಟ್: ಹಾಗಾದ್ರೆ 48 ವೋಲ್ಟಿಂದು?

ಗದಗ ಐ20: ಮನ್ಯಾಗಿನ ಸಾದಾ ಸಾಕೆಟ್ ಹಾಕಬಹುದೇನ್ರಿ ಗನ್ನಿಗೆ?

ಮೆಕ್ಯಾನಿಕ್: ಬೇಡ. ಹೊಳೆಯೋ ಕ್ರೋಮ್ ಸಾಕೆಟ್ ಕೈ ಪಾನಾಕ್ಕೆ. ಗನ್ನಿನ ಹೊಡೆತಕ್ಕೆ ಸೀಳಿ ಚೂರು ಮುಖಕ್ಕೆ ಹಾರುತ್ತೆ. ಕಪ್ಪು ಇಂಪ್ಯಾಕ್ಟ್ ಸಾಕೆಟ್ ತಗೊಳ್ಳಿ, ನಿಮ್ಮ ಗಾಡಿಗೆ 21 ಎಂಎಂ ಸೈಜು. ಕನ್ನಡಕ ಹಾಕಿ, ಕಿವಿಗೂ ಏನಾದ್ರೂ ಇಟ್ಟುಕೊಳ್ಳಿ.

ಉಡುಪಿ ನ್ಯಾನೊ: ಸಿಗರೇಟ್ ಲೈಟರ್ ತೂತಿಗೆ ಹಾಕುವ 12 ವೋಲ್ಟಿನದ್ದು ಆದೀತಾ?

ಮೆಕ್ಯಾನಿಕ್: ಆ ತೂತಿನ ಫ್ಯೂಸ್ ಸಾಮಾನ್ಯವಾಗಿ 10–15 ಆಂಪಿಯರ್. ಅಂದ್ರೆ 180 ವ್ಯಾಟ್ ಒಳಗೆ. ದುಡ್ಡು ದಂಡ.

ಮಂಡ್ಯ ಡಿಸೈರ್: ಎಲ್ಲಾದಕ್ಕೂ ಬೇಡ ಬೇಡ ಅಂದ್ರೆ ಗನ್ ಯಾಕ್ ಸ್ವಾಮಿ ತಗಬೇಕು?

ಮೆಕ್ಯಾನಿಕ್: ತಗೊಳ್ಳಲೇಬೇಕು ಅಂತ ನಾನೆಲ್ಲಿ ಹೇಳಿದೆ? ಎರಡಡಿ ಉದ್ದದ ಪಾನಾ ಒಂದಿದ್ರೆ ಸಣ್ಣ ಕಾರಿನ ಯಾವ ನಟ್ಟೂ ಮನೆಯಲ್ಲೇ ಬಿಚ್ಚಬಹುದು. ತಗೊಂಡ್ರೆ ಬಿಚ್ಚೋಕೆ ಇಟ್ಟುಕೊಳ್ಳಿ ಅಂದೆ. ಹಾಕುವಾಗ ಎದುರುಬದುರು ನಟ್ಟು ಕೈಯಲ್ಲೇ ಕೂರಿಸಿ, ಟಾರ್ಕ್ ಪಾನಾದಲ್ಲಿ (ಬೇಕಾದಷ್ಟು ಎನ್‌ಎಂ ಆದಾಗ ತಿಳಿಸೋ ಪಾನಾ) ಮುಗಿಸಿ. ಎಂಜಿನ್ ಆಯಿಲ್ ಬೋಲ್ಟು, ಸ್ಪಾರ್ಕ್ ಪ್ಲಗ್ ಹತ್ತಿರ ಗನ್ ತರಲೇಬೇಡಿ.

ಸಾಗರ ವ್ಯಾಗನ್‌ಆರ್: ಸರ್, ಮೆಕ್ಯಾನಿಕ್ ಬಂದಿದ್ರು. ನೀವು ಹೇಳಿದ ಹಾಗೇ ಬೆರಳಲ್ಲಿ ತಿರುಗಿಸಿದ್ರೆ ನಟ್ಟು ಅರ್ಧಕ್ಕೇ ಕಚ್ಚಿಕೊಳ್ತು. ಪಕ್ಕದ್ದೂ ಸ್ವಲ್ಪ ಹಾಗೇ ಇದೆಯಂತೆ. ನಾಳೆ ಸ್ಟಡ್ಡು ತಂದು ನಾಲ್ಕೂ ಹಾಕ್ತಾರೆ. ಬಸ್ಸಿಗೇ ಹೊರಡ್ತೀವಿ. ಗನ್ ವಾಪಸ್ ಕಳಿಸಲಾ ಅಂತ ಮನೆಯವರು ಕೇಳ್ತಿದ್ದಾರೆ.

ಮೆಕ್ಯಾನಿಕ್: ಒಳ್ಳೇದಾಯ್ತು. ಗನ್ ಇರಲಿ, ಜೊತೆಗೊಂದು ಟಾರ್ಕ್ ಪಾನಾ ತರಿಸೋಕೆ ಹೇಳಿ. ಹೊಸ ಸ್ಟಡ್ಡು ಹಾಕಿ 50–100 ಕಿಲೋಮೀಟರ್ ಓಡಿಸಿದ ಮೇಲೆ ನಾಲ್ಕನ್ನೂ ಇನ್ನೊಮ್ಮೆ ಟಾರ್ಕ್ ನೋಡಬೇಕು, ಮರೀಬೇಡಿ. ಕೆಲಸ ಆದ ಮೇಲೆ ಟಾರ್ಕ್ ಪಾನಾವನ್ನ ಅತಿ ಕಡಿಮೆ ಅಂಕಿಗೆ ಇಳಿಸಿ ಎತ್ತಿಡಿ, ಇಲ್ಲದಿದ್ರೆ ಸ್ಪ್ರಿಂಗ್ ಸೋತು ಸುಳ್ಳು ಹೇಳೋಕೆ ಶುರು ಮಾಡುತ್ತೆ.