ಡೇಲೈಟ್ ಅಂದ್ರೆ ಹಗಲೋ, ಬೆಳಕೋ, ಬಿಸಿಲೋ?

ಎಲ್ಲರಿಗೂ ನಮಸ್ಕಾರ.

ಶಾಲೆಯ ಕೋಣೆಗಳಿಗೆ ಗಾಳಿ ಬೆಳಕು ಹೇಗೆ ಬರಬೇಕು ಅಂತ ತಿಳಿಸುವ ಒಂದು ಕೈಪಿಡಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ಕಲಬುರಗಿ, ಯಾದಗಿರಿ ಕಡೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಮತ್ತು ಗೌಂಡಿಗಳು, ಅಂದರೆ ಗಾರೆ ಕೆಲಸದವರು. ಅದರಲ್ಲಿ ಪುಟಪುಟಕ್ಕೂ ‘ಡೇಲೈಟ್’ ಬರುತ್ತದೆ. ನಿಘಂಟಿನಲ್ಲಿ ‘ಹಗಲಿನ ಬೆಳಕು’ ಅಂತಿದೆ. ತಪ್ಪೇನಲ್ಲ. ಆದರೆ ಎಲ್ಲ ಕಡೆ ಅದನ್ನೇ ಹಾಕಿದರೆ ವಾಕ್ಯ ಕುಂಟುತ್ತದೆ. ಕೆಲವು ಕಡೆ ಅರ್ಥವೇ ತಿರುಗಿಬೀಳುತ್ತದೆ.

ನಮ್ಮ ಭಾಷೆಯಲ್ಲಿ ಹಗಲು ಅನ್ನುವುದು ಹೊತ್ತಿನ ಮಾತು. ಬೆಳಕು ಕಣ್ಣಿಗೆ ಸೇರಿದ್ದು, ಬಿಸಿಲು ಮೈಗೆ ಸೇರಿದ್ದು. ಇಂಗ್ಲಿಷಿನ ಡೇಲೈಟ್ ಮೊದಲ ಎರಡನ್ನೂ ಒಳಗೆ ಇಟ್ಟುಕೊಳ್ಳುತ್ತದೆ, ಮೂರನೆಯದನ್ನು ಅಷ್ಟಾಗಿ ಹತ್ತಿರ ಸೇರಿಸುವುದಿಲ್ಲ. ಕಲಬುರಗಿಯಲ್ಲಿ ಕೂತು ಅನುವಾದ ಮಾಡುವವರಿಗೆ ಇದು ಸಣ್ಣ ವಿಷಯ ಅಲ್ಲ. ‘ಕೋಣೆಯೊಳಗೆ ಹಗಲಿನ ಬೆಳಕು ಧಾರಾಳವಾಗಿ ಬರಬೇಕು’ ಅಂತ ಬರೆದದ್ದನ್ನು ಪರಿಚಯದ ಗೌಂಡಿಯೊಬ್ಬರಿಗೆ ಓದಿ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, “ಅಂದ್ರ ಬಿಸಲು ಬರಬೇಕೇನ್ರಿ? ಹುಡುಗುರು ಕೂಡೂದು ಹ್ಯಾಂಗ?” ನ್ಯಾಯವಾದ ಮಾತು. ಏಪ್ರಿಲ್ ತಿಂಗಳಲ್ಲಿ ಇಲ್ಲಿ ಯಾರೂ ಬಿಸಿಲನ್ನು ಕರೆದು ಮನೆಯೊಳಗೆ ಕೂರಿಸಿಕೊಳ್ಳುವುದಿಲ್ಲ.

ಕಟ್ಟಡದ ಲೆಕ್ಕವೂ ಗೌಂಡಿಯವರ ಪರವಾಗಿಯೇ ಇದೆ. ‘ಡೇಲೈಟ್ ಫ್ಯಾಕ್ಟರ್’ ಅಂತ ಒಂದು ಅಳತೆ ಇದೆಯಲ್ಲ, ಅದು ಹೊರಗಿನ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲು ಕೋಣೆಯೊಳಗಿನ ಮೇಜಿನ ಮೇಲೆ ಬೀಳುತ್ತದೆ ಅನ್ನುವುದನ್ನು ಹೇಳುತ್ತದೆ. ಲಕ್ಸ್ ಅನ್ನುವುದು ಬೆಳಕು ಅಳೆಯುವ ಮಾನ. ಹೊರಗೆ 10,000 ಲಕ್ಸ್ ಇದ್ದು ಒಳಗೆ 200 ಲಕ್ಸ್ ಸಿಕ್ಕರೆ ಅದು 2 ಪರ್ಸೆಂಟ್. ಈ ಲೆಕ್ಕದಲ್ಲಿ ನೇರ ಬಿಸಿಲನ್ನು ಸೇರಿಸುವುದೇ ಇಲ್ಲ. ಆಕಾಶದಿಂದ ಬರುವ ಬೆಳಕು, ಗೋಡೆಗೆ ನೆಲಕ್ಕೆ ಬಡಿದು ವಾಪಸ್ ಬರುವ ಬೆಳಕು, ಇಷ್ಟೇ. ಹಾಗಾಗಿ ಇಲ್ಲಿ ‘ಬಿಸಿಲು’ ಅಂತ ಬರೆದರೆ ಪೂರಾ ಉಲ್ಟಾ ಆಗುತ್ತದೆ. ‘ಹಗಲ್ಬೆಳಕಿನ ಪಾಲು’ ಅಂತ ಸದ್ಯಕ್ಕೆ ಇಟ್ಟಿದ್ದೇನೆ. ‘ಬಾನ್ಬೆಳಕು’ ಅನ್ನೋಣ ಅಂತ ಒಬ್ಬರು ಸೂಚಿಸಿದರು. ಕೇಳಲು ಚೆಂದ. ಆದರೆ ಗೌಂಡಿಯ ಮುಂದೆ ಹೇಳಲು ನನಗೇ ಸಂಕೋಚ.

ಈ ಬೇರೆತನ ಕಣ್ಣಾರೆ ನೋಡಬೇಕಾದರೆ ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಗೆ ಹೋಗಿ. 1367ರಲ್ಲಿ ಕಟ್ಟಿದ್ದು. ಸಾಮಾನ್ಯವಾಗಿ ಇಂಥ ಮಸೀದಿಗಳಿಗೆ ನಡುವೆ ತೆರೆದ ಅಂಗಳ ಇರುತ್ತದೆ. ಇದಕ್ಕಿಲ್ಲ. ಇಡೀ ಕಟ್ಟಡದ ಮೇಲೆ ಸಾಲುಸಾಲು ಗುಮ್ಮಟಗಳ ಮಾಡು. ಆದರೂ ಒಳಗೆ ಕತ್ತಲಿಲ್ಲ. ಬದಿಗಳಲ್ಲಿರುವ ಅಗಲವಾದ ಕಮಾನುಗಳಿಂದ, ದೊಡ್ಡ ಗುಮ್ಮಟದ ಕೆಳಗಿನ ಕಿಟಕಿಗಳಿಂದ ಬೆಳಕು ಬರುತ್ತದೆ. ಬಿಸಿಲು ಹೊರಗೇ ನಿಲ್ಲುತ್ತದೆ. ಕೈಪಿಡಿಯಲ್ಲಿ ‘ಡೇಲೈಟ್’ ಅಂತ ಹತ್ತು ಸಲ ಬರೆದು ಹೇಳಿದ್ದನ್ನು ಆ ಕಟ್ಟಡ ಸುಮ್ನೆ ಮಾಡಿ ತೋರಿಸಿದೆ.

ಊರ ಮನೆಗಳಲ್ಲೂ ಇದಕ್ಕೊಂದು ಒಳ್ಳೆಯ ಪದ ಇದೆ, ‘ಬೆಳಕಿಂಡಿ’. ಮಣ್ಣಿನ ಮಾಳಿಗೆಯಲ್ಲಿ ಬಿಡುವ ಕಿಂಡಿ. ಮಳೆ ಬಂದಾಗ ಮೇಲೆ ಹತ್ತಿ ಮುಚ್ಚುತ್ತಿದ್ದರು. ಯಾರೂ ಅದನ್ನು ಬಿಸಿಲ್ಗಿಂಡಿ ಅಂದಿಲ್ಲ, ಹಗಲ್ಗಿಂಡಿ ಅಂತಲೂ ಅಂದಿಲ್ಲ ನೋಡಿ. ಉರ್ದು ಮಾತಾಡುವ ಮನೆಗಳಲ್ಲಿ ಗೋಡೆಯ ಮೇಲ್ತುದಿಯ ಕಿಂಡಿಗೆ ‘ರೋಶನ್‌ದಾನ್’ ಅನ್ನುತ್ತಾರೆ. ಪಾನ್‌ದಾನ್ ಎಲೆ ಅಡಿಕೆ ಇಡುವುದು, ರೋಶನ್‌ದಾನ್ ಬೆಳಕು ಇಡುವುದು. ‘ಸ್ಕೈಲೈಟ್’ ಬಂದ ಕಡೆಯೆಲ್ಲ ನಾನು ಕಣ್ಣು ಮುಚ್ಚಿಕೊಂಡು ಬೆಳಕಿಂಡಿ ಹಾಕಿದ್ದೇನೆ.

ಇನ್ನು ಹೊತ್ತಿನ ಅರ್ಥ. ‘ಡೇಲೈಟ್‌ನಲ್ಲೇ ಕೆಲಸ ಮುಗಿಸಿ’ ಅಂತ ಬಂದರೆ ಬೆಳಕು ಬೇಕಿಲ್ಲ, ‘ಹಗಲೊತ್ತಿನಲ್ಲೇ’ ಸಾಕು. ನಮ್ಮ ಕಡೆಯವರಾದರೆ ‘ಹೊತ್ತು ಮುಣುಗೂದ್ರಾಗ’ ಅಂತಾರೆ. ಹಗಲು ಹಳಗನ್ನಡದಲ್ಲಿ ಪಗಲ್. ತಮಿಳಿನಲ್ಲಿ ಇವತ್ತಿಗೂ ಪಗಲ್, ತೆಲುಗಿನಲ್ಲಿ ಪಗಲು. ಸೇಡಂ, ಗುರುಮಠಕಲ್ ಕಡೆ ಗಡಿ ದಾಟಿದರೆ ಪಕಾರ ವಾಪಸ್ ಸಿಗುತ್ತದೆ. ಬೀದಿಬೀದಿಯಲ್ಲಿ ಪುರಾಣದ ಪಾತ್ರ ಕಟ್ಟಿ ಬರುವ ಹಗಲುವೇಷದವರ ಹೆಸರಿನಲ್ಲಿರುವುದೂ ಹೊತ್ತೇ. ದೊಡ್ಡಾಟ ರಾತ್ರಿಯದು, ಇದು ಹಗಲಿನದು.

ಎಲ್ಲರೂ ನೋಡುತ್ತಿರುವಾಗಲೇ ನಡೆದದ್ದಕ್ಕೆ ‘ಹಾಡಹಗಲು’ ಇದೆ. ತೆಲುಗರು ಪಟ್ಟಪಗಲು ಅಂತಾರೆ, ಹಿಂದಿಯವರು ದಿನ್ ದಹಾಡೆ. ಇದರಲ್ಲಿ ಚರ್ಚೆ ಬೇಡ. ಜಾಸ್ತಿ ಬೆಲೆ ಹಾಕಿ ಸುಲಿಯುವುದಕ್ಕೆ ‘ಹಗಲು ದರೋಡೆ’ ಅನ್ನುತ್ತೇವಲ್ಲ, ಅದರ ಇಂಗ್ಲಿಷ್ ರೂಪ ‘ಡೇಲೈಟ್ ರಾಬರಿ’ಗೆ ಒಂದು ಕಥೆ ಓಡಾಡುತ್ತಿದೆ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಗಳ ಮೇಲೆ ತೆರಿಗೆ ಇತ್ತು, ಜನ ಕಿಟಕಿಗೆ ಇಟ್ಟಿಗೆ ಕಟ್ಟಿದರು, ಹಗಲನ್ನೇ ಕದ್ದರು ಅಂತ ಈ ಮಾತು ಹುಟ್ಟಿತು ಅಂತ. ತೆರಿಗೆ ನಿಜ, ಇಟ್ಟಿಗೆಯೂ ನಿಜ. ಆದರೆ ಆ ಮಾತು ಈ ಅರ್ಥದಲ್ಲಿ ಬರಹಕ್ಕೆ ಬಂದದ್ದು 20ನೇ ಶತಮಾನದಲ್ಲಿ. ಕಥೆ ಚೆನ್ನಾಗಿದೆ ಅಂತ ಪದದ ಹುಟ್ಟು ಅದೇ ಆಗಬೇಕಿಲ್ಲ.

ಬಹುವಚನದ ‘ಡೇಲೈಟ್ಸ್’ ಬೇರೆಯೇ ಜೀವಿ. 18ನೇ ಶತಮಾನದ ಇಂಗ್ಲಿಷ್ ಆಡುಮಾತಿನಲ್ಲಿ ಹಾಗೆಂದರೆ ಕಣ್ಣುಗಳು. ಆಮೇಲೆ ಅದು ಜೀವಕ್ಕೇ ನಿಂತಿತು. ಯಾರನ್ನಾದರೂ ಚೆನ್ನಾಗಿ ಬಡಿದರೆ ಅವನ ಡೇಲೈಟ್ಸ್ ಹೊರಗೆ ತೆಗೆದರು ಅಂತಾರೆ. ನಾವು ಅದೇ ಏಟಿಗೆ ಹಗಲಿನಲ್ಲೇ ಚಿಕ್ಕಿ (ನಕ್ಷತ್ರ) ತೋರಿಸುತ್ತೇವೆ! ಅವರು ಬೆಳಕು ಕಸಿದುಕೊಳ್ಳುತ್ತಾರೆ, ನಾವು ಕೊಟ್ಟು ಕಳಿಸುತ್ತೇವೆ. ಕೈಪಿಡಿಯಲ್ಲಿ ಇದು ಬರುವುದಿಲ್ಲ ಅನ್ನಿ, ಶಾಲೆಯದಲ್ವಾ.

‘ಡೇಲೈಟ್ ಸೇವಿಂಗ್’ ಒಂದು ಅಡಿಟಿಪ್ಪಣಿಯಲ್ಲಿದೆ. ‘ಹಗಲು ಉಳಿತಾಯ’ ಅಂತ ಪತ್ರಿಕೆಗಳಲ್ಲಿ ನೋಡಿದ್ದೇನೆ. ಅಲ್ಲಿ ಹಗಲು ಉಳಿಯುವುದೂ ಇಲ್ಲ, ಬೆಳೆಯುವುದೂ ಇಲ್ಲ, ಚಳಿದೇಶಗಳಲ್ಲಿ ಬೇಸಿಗೆ ಬಂದಾಗ ಗಡಿಯಾರದ ಮುಳ್ಳು ಒಂದು ತಾಸು ಮುಂದೆ ಹೋಗುತ್ತದೆ, ಅಷ್ಟೇ. ಎರಡನೇ ಮಹಾಯುದ್ಧದಲ್ಲಿ, 1942ರಿಂದ 1945ರವರೆಗೆ, ಭಾರತದಲ್ಲೂ ಗಡಿಯಾರವನ್ನು ಒಂದು ತಾಸು ಮುಂದಿಟ್ಟಿದ್ದರು. ‘ಬೇಸಿಗೆ ವೇಳೆ’ ಅಂದರೆ ಸರಿಹೋಗುತ್ತದೆ ಅಂತ ನನಗೆ ಅನಿಸಿತು. ಆದರೆ ಇಲ್ಲಿ ಅದಕ್ಕೂ ಬೇರೆ ಅರ್ಥ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಗಡಿಯಾರ ಮುಟ್ಟುವುದಿಲ್ಲ, ಕೆಲಸವನ್ನೇ ಹಿಂದಕ್ಕೆ ಎಳೆಯುತ್ತಾರೆ. ಚಳಿದೇಶದವರು ಸಂಜೆಗೆ ಹಗಲು ಸಾಲದು ಅಂತ ಮಾಡಿದ ಉಪಾಯ ಅದು, ನಮ್ಮದು ಬಿಸಿಲು ಜಾಸ್ತಿ ಅಂತ ಮಾಡಿದ್ದು. ಇಲ್ಲಿ ಉದ್ದದ ಹಗಲೆಂದರೆ ಸುಮಾರು 13 ತಾಸು, ಚಿಕ್ಕದೆಂದರೆ ಸುಮಾರು 11. ಉಳಿಸಿಡುವಂಥ ವ್ಯತ್ಯಾಸವೇನೂ ಅಲ್ಲ.

ಬೀದರಿನ ಬಿದ್ರಿ ಕೆಲಸದ ಬಗ್ಗೆಯೂ ಒಂದು ಮಾತು. ಬೆಳ್ಳಿ ಕೂರಿಸಿದ ಪಾತ್ರೆಗೆ ಕಪ್ಪು ಬಣ್ಣ ಬರಲು ಕೋಟೆಯ ಮಣ್ಣು ಬಳಸುತ್ತಾರೆ. ಅದನ್ನು ಇಂಗ್ಲಿಷಿನಲ್ಲಿ ‘ಡೇಲೈಟ್ ಕಾಣದ ಮಣ್ಣು’ ಅಂತ ಬಣ್ಣಿಸಿದರೆ ನಮ್ಮಲ್ಲಿ ‘ಬಿಸಿಲು ಮಳೆ ಕಾಣದ ಮಣ್ಣು’ ಅಂತಾರೆ. ಇಲ್ಲಿ ಮಾತ್ರ ಡೇಲೈಟ್‌ಗೆ ಬಿಸಿಲೇ ಸರಿ, ಜೊತೆಗೆ ಮಳೆ ಪುಕ್ಕಟೆ.

ಈಗ ಕೇಳಬೇಕಾದದ್ದು. ಬಾಗಿಲಿಗೂ ಚೌಕಟ್ಟಿಗೂ ನಡುವೆ ‘ಡೇಲೈಟ್ ಕಾಣಬಾರದು’ ಅಂತ ಒಂದು ವಾಕ್ಯ ಇದೆ. ಅಂದರೆ ಸಂದು ಇರಬಾರದು. ‘ಸಂದಿನಾಗ ಬೆಳಕು ಹಾಯಬಾರದು’ ಅಂತ ಬರೆದಿದ್ದೇನೆ. ಯಾದಗಿರಿ ಕಡೆಯ ಬಡಗಿಗಳು ಇದಕ್ಕೆ ಏನಂತಾರೆ? ಇದೇ ಅರ್ಥ ಹಿಗ್ಗಿ, ಇಬ್ಬರು ನಾಯಕರ ಅಭಿಪ್ರಾಯದ ನಡುವೆ ‘ಡೇಲೈಟ್ ಇಲ್ಲ’ ಅಂತಲೂ ಇಂಗ್ಲಿಷ್ ಪತ್ರಿಕೆಗಳು ಬರೆಯುತ್ತವೆ. ಅದಕ್ಕೆ ‘ಎಳ್ಳಷ್ಟೂ ಭೇದ ಇಲ್ಲ’ ಸಾಕು. ಬಾಗಿಲಿಗೆ ಎಳ್ಳು ಸಾಲದು. ಬೆಳಕಿಂಡಿಗೆ ಬೀದರ್, ಹುಮನಾಬಾದ್ ಕಡೆ ಬೇರೆ ಹೆಸರಿದ್ದರೆ ಅದನ್ನೂ ತಿಳಿಸಿ. ಈ ಪುಟಗಳು ಇನ್ನೂ ಅಚ್ಚಿಗೆ ಹೋಗಿಲ್ಲ, ತಿದ್ದಲು ಜಾಗ ಇದೆ.